ಸುಡಾನಿನ ಬಡಾವಣೆ ಅಡುಗೆಮನೆಗಳಿಗೆ ನೆರವು ನೇರವಾಗಿ ತಲುಪಲಿ

ಮಾನ್ಯ ಸಂಪಾದಕರೇ,

2023ರ ಏಪ್ರಿಲ್ ತಿಂಗಳ ಕೊನೆಯ ವಾರದಲ್ಲಿ ಕನ್ನಡ ಪತ್ರಿಕೆಗಳ ಮುಖಪುಟಗಳಲ್ಲಿ ಸುಡಾನ್ ದೇಶದ ಹೆಸರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಗಿಡಮೂಲಿಕೆ ಔಷಧಿ, ತಲೆಗೂದಲ ಎಣ್ಣೆ ಮಾರಲೆಂದು ಅಲ್ಲಿಗೆ ಹೋಗಿದ್ದ ಹುಣಸೂರು, ಶಿವಮೊಗ್ಗ, ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಸಮುದಾಯದವರು ಯುದ್ಧದ ನಡುವೆ ಸಿಕ್ಕಿಕೊಂಡಿದ್ದರು. ಮೊದಲು ಸುದ್ದಿಯಾದ 31 ಮಂದಿಯಲ್ಲಿ ಕೆಲವರು ಡಾರ್ಫುರ್ ಪ್ರಾಂತ್ಯದ ಎಲ್ ಫಾಶರ್ ನಗರದಲ್ಲಿ ಬಾಡಿಗೆ ಮನೆಯ ಬಾಗಿಲು ಹಾಕಿಕೊಂಡು, ಊಟ ನೀರಿಗೆ ಪರದಾಡುತ್ತ, ಫೋನಿನಲ್ಲಿ ತಮ್ಮ ಪಾಡನ್ನು ಹೇಳಿಕೊಂಡಿದ್ದರು. ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ ಹೆಸರಿನಲ್ಲಿ ಹಡಗು, ವಿಮಾನಗಳನ್ನು ಕಳುಹಿಸಿ ಒಟ್ಟು 3,862 ಜನರನ್ನು ಆ ದೇಶದಿಂದ ಹೊರತಂದಿತು. ನಮ್ಮವರು ಮನೆ ಸೇರಿದರು. ಅದು ದೊಡ್ಡ ಕೆಲಸ, ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಮೇ ತಿಂಗಳ ಮೊದಲ ವಾರ ಕಾರ್ಯಾಚರಣೆ ಮುಗಿದ ಮೇಲೆ ಸುಡಾನ್ ಸುದ್ದಿ ಒಳಪುಟಕ್ಕೆ ಸರಿಯಿತು, ಕ್ರಮೇಣ ಅಲ್ಲಿಂದಲೂ ಮರೆಯಾಯಿತು. ಯುದ್ಧ ಮಾತ್ರ ನಿಲ್ಲಲಿಲ್ಲ.

ನಮ್ಮವರು ಬಿಟ್ಟು ಬಂದ ಆ ಊರುಗಳಲ್ಲಿ ಉಳಿದುಕೊಂಡವರು ಏನು ಮಾಡಿದರು, ಯಾರು ಅವರಿಗೆ ಅನ್ನ ಹಾಕಿದರು ಎಂಬುದನ್ನು ಕನ್ನಡ ಓದುಗರ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅನ್ನ ಹಾಕಿದವರಲ್ಲಿ ಮುಂಚೂಣಿಯಲ್ಲಿದ್ದವರು ಪಕ್ಕದ ಮನೆಯವರು. ಜಗತ್ತು ಸುಡಾನಿಗೆ ಕಳುಹಿಸುವ ನೆರವಿನಲ್ಲಿ ಈಗಿರುವುದಕ್ಕಿಂತ ಬಹಳ ದೊಡ್ಡ ಪಾಲು ಈ ಪಕ್ಕದ ಮನೆಯವರ ಕೈಗೆ, ಅವರು ಪೂರೈಸಬಲ್ಲ ಷರತ್ತುಗಳ ಮೇಲೆ, ನೇರವಾಗಿ ತಲುಪಬೇಕು ಎಂಬುದು ನನ್ನ ವಾದ.

ಯುದ್ಧ ಶುರುವಾದದ್ದು 2023ರ ಏಪ್ರಿಲ್ 15ರಂದು, ರಂಜಾನ್ ತಿಂಗಳ ಕೊನೆಯ ದಿನಗಳಲ್ಲಿ. ಜನರಲ್ ಅಬ್ದುಲ್ ಫತ್ತಾಹ್ ಅಲ್ ಬುರ್ಹಾನ್ ನೇತೃತ್ವದ ಸೇನೆ ಒಂದು ಕಡೆ, ಹೆಮೆಡ್ತಿ ಎಂದು ಕರೆಯಲಾಗುವ ಮೊಹಮ್ಮದ್ ಹಮ್ದಾನ್ ದಗಾಲೊ ನೇತೃತ್ವದ ಅರೆಸೇನಾ ಪಡೆ ಆರ್‌ಎಸ್‌ಎಫ್ ಇನ್ನೊಂದು ಕಡೆ. ಇಬ್ಬರೂ ಸೇರಿಯೇ 2021ರ ಅಕ್ಟೋಬರ್‌ನಲ್ಲಿ ಕ್ಷಿಪ್ರ ಕ್ರಾಂತಿ ಮಾಡಿ ನಾಗರಿಕ ಸರ್ಕಾರವನ್ನು ಕಿತ್ತುಹಾಕಿದ್ದರು. ಕಾಳಗ ಗಡಿಯಲ್ಲಿ ನಡೆಯಲಿಲ್ಲ, ರಾಜಧಾನಿ ಖಾರ್ಟೂಮಿನ ಬಡಾವಣೆಗಳಲ್ಲಿ, ಮನೆಗಳ ಒಳಗೆ ನಡೆಯಿತು. ಮೊದಲ ದಿನವೇ ಡಾರ್ಫುರಿನ ಕಬ್‌ಕಾಬಿಯಾದಲ್ಲಿ ವಿಶ್ವ ಆಹಾರ ಕಾರ್ಯಕ್ರಮದ ಮೂವರು ನೌಕರರು ಕೊಲೆಯಾದರು. ಕೆಲವೇ ದಿನಗಳಲ್ಲಿ ರಾಯಭಾರ ಕಚೇರಿಗಳು ಮುಚ್ಚಿದವು, ದೊಡ್ಡ ನೆರವು ಸಂಸ್ಥೆಗಳ ವಿದೇಶಿ ಸಿಬ್ಬಂದಿ ಹೊರಟುಹೋದರು, ವಿಶ್ವಸಂಸ್ಥೆಯ ಕಚೇರಿಗಳು ಕೆಂಪು ಸಮುದ್ರದ ದಡದ ಪೋರ್ಟ್ ಸುಡಾನ್‌ಗೆ ಸ್ಥಳಾಂತರಗೊಂಡವು. ಸುಮಾರು 5 ಕೋಟಿ ಜನರ ದೇಶದಲ್ಲಿ ಇಂದಿಗೆ ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟು ಓಡಬೇಕಾಗಿ ಬಂದಿದೆ. 2025ರಲ್ಲಿ ನೆರವಿಲ್ಲದೆ ಬದುಕಲಾರದವರ ಸಂಖ್ಯೆ 3 ಕೋಟಿ ದಾಟಿದೆಯೆಂದು ವಿಶ್ವಸಂಸ್ಥೆಯೇ ಹೇಳಿತ್ತು. ಅಂದರೆ ಹತ್ತು ಜನರಲ್ಲಿ ಆರು ಜನ.

ಗೋದಾಮು, ಲಾರಿ, ಉಪಗ್ರಹ ಫೋನು, ಗುಂಡು ನಿರೋಧಕ ವಾಹನ ಇರುವವರೆಲ್ಲ ಹೊರಟುಹೋದ ಆ ಏಪ್ರಿಲ್‌ನಲ್ಲಿ ಕೆಲಸಕ್ಕೆ ನಿಂತವರು ಆಯಾ ಬಡಾವಣೆಯ ಯುವಕ ಯುವತಿಯರು. ‘ಎಮರ್ಜೆನ್ಸಿ ರೆಸ್ಪಾನ್ಸ್ ರೂಮ್ಸ್’ ಎಂಬ ಹೆಸರಿನಲ್ಲಿ ಹೊರಗಿನ ಜಗತ್ತಿಗೆ ಪರಿಚಿತವಾಗಿರುವ ಈ ತುರ್ತು ಸ್ಪಂದನಾ ಗುಂಪುಗಳು ಎಲ್ಲಿಂದಲೋ ಉದುರಿದವಲ್ಲ. ಒಮರ್ ಅಲ್ ಬಶೀರ್ ಅವರ ಮೂರು ದಶಕಗಳ ಆಳ್ವಿಕೆಯ ವಿರುದ್ಧ 2018ರ ಡಿಸೆಂಬರಿನಲ್ಲಿ ಎದ್ದ ಜನಾಂದೋಲನವನ್ನು ಬೀದಿ ಬೀದಿಗಳಲ್ಲಿ ನಡೆಸಿದ್ದು ‘ಪ್ರತಿರೋಧ ಸಮಿತಿ’ಗಳು. ಯಾವ ಬೀದಿಯಲ್ಲಿ ಯಾವ ಮನೆಯಲ್ಲಿ ವೃದ್ಧರಿದ್ದಾರೆ, ಯಾರಿಗೆ ಸಕ್ಕರೆ ಕಾಯಿಲೆಯಿದೆ, ಯಾರ ಬಳಿ ಪಂಪ್‌ಸೆಟ್ ಇದೆ, ಯಾರನ್ನು ನಂಬಬಹುದು ಎಂಬುದೆಲ್ಲ ಆ ಸಮಿತಿಗಳಿಗೆ ಗೊತ್ತಿತ್ತು. ಅದಕ್ಕೂ ಹಿಂದೆ, 2013ರ ಆಗಸ್ಟ್‌ನಲ್ಲಿ ಖಾರ್ಟೂಮ್ ಸುತ್ತ ಪ್ರವಾಹ ಬಂದು ಮಣ್ಣಿನ ಮನೆಗಳು ಕುಸಿದಾಗ, ಸರ್ಕಾರ ಸುಮ್ಮನಿದ್ದರೂ ಸಾವಿರಾರು ಯುವಜನರು ‘ನಫೀರ್’ ಎಂಬ ಹೆಸರಿನಲ್ಲಿ ಒಟ್ಟುಗೂಡಿ ಆಹಾರ, ಟಾರ್ಪಾಲು ಹಂಚಿದ್ದರು. ಊರಿನವರೆಲ್ಲ ಕೂಡಿ ಒಬ್ಬರ ಹೊಲ ಕೊಯ್ಯುವ, ಒಬ್ಬರ ಮನೆ ಕಟ್ಟುವ ಹಳೆಯ ಪದ್ಧತಿಗೆ ಅಲ್ಲಿ ಆ ಹೆಸರು. ಯುದ್ಧ ಬಂದಾಗ ಈ ಎಲ್ಲ ಪರಿಚಯ, ಈ ಎಲ್ಲ ಅಭ್ಯಾಸ ಕೈಗೆ ಬಂತು. ಗಾಯಾಳುಗಳನ್ನು ಸಾಗಿಸುವುದು, ಸಿಕ್ಕಿಬಿದ್ದ ಕುಟುಂಬಗಳಿಗೆ ಹೊರಹೋಗುವ ದಾರಿ ತೋರಿಸುವುದು, ಆಸ್ಪತ್ರೆಯ ಜನರೇಟರಿಗೆ ಡೀಸೆಲ್ ಹೊಂದಿಸುವುದು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳಿಗೆ ಚಿಕಿತ್ಸೆ ಮತ್ತು ಆಸರೆ ಒದಗಿಸುವುದು ಇವೆಲ್ಲವನ್ನೂ ಅವರು ಮಾಡಿದ್ದಾರೆ. ಮಹಿಳೆಯರೇ ನಡೆಸುವ ಪ್ರತ್ಯೇಕ ಗುಂಪುಗಳೂ ಇವೆ. ಆದರೆ ಎಲ್ಲಕ್ಕಿಂತ ಹೆಚ್ಚು ಜನರನ್ನು ಮುಟ್ಟಿದ್ದು ಅವರ ಅಡುಗೆಮನೆಗಳು.

ಈ ಸಾಮೂಹಿಕ ಅಡುಗೆಮನೆಗೆ ಅಲ್ಲಿ ತಕಿಯ್ಯಾ ಎನ್ನುತ್ತಾರೆ. ಸೂಫಿ ಸಂತರ ನೆಲೆಗಳಲ್ಲಿ ಬಂದವರಿಗೆಲ್ಲ ಊಟ ಹಾಕುವ ಸಂಪ್ರದಾಯದಿಂದ ಬಂದದ್ದು ಅದು. ನಮ್ಮ ಮಠಗಳ ದಾಸೋಹವನ್ನು ಕಂಡವರಿಗೆ ಅದರ ಭಾವ ಬೇರೆ ವಿವರಣೆಯಿಲ್ಲದೆ ಅರ್ಥವಾಗುತ್ತದೆ.

ಇಂಥ ಒಂದು ಅಡುಗೆಮನೆಯ ಬಗ್ಗೆ ನಾನು ಕೊಂಚ ವಿವರವಾಗಿ ಬರೆಯಬಲ್ಲೆ. ನಾನು ಮೈಸೂರಿನ ಕಾಲೇಜೊಂದರಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತಿದ್ದವನು. ನನ್ನ ತರಗತಿಗಳಲ್ಲಿ ಸುಡಾನಿನಿಂದ ಬಿ.ಕಾಂ. ಓದಲು ಬಂದ ಹುಡುಗರಿರುತ್ತಿದ್ದರು. ಅವರಲ್ಲೊಬ್ಬರು ಈಗ ಕೈರೋದಲ್ಲಿ ನಿರಾಶ್ರಿತರು. ಅವರ ಅಕ್ಕ ಮಾತ್ರ ನೈಲ್ ನದಿಯಾಚೆ ಖಾರ್ಟೂಮಿಗೆ ಎದುರಾಗಿರುವ ಓಮ್ಡುರ್ಮನ್ ನಗರದಲ್ಲೇ ಉಳಿದು, ತಮ್ಮ ಬೀದಿಯ ತಕಿಯ್ಯಾದ ಲೆಕ್ಕ ಬರೆಯುತ್ತಾರೆ. ದಾನಿ ಸಂಸ್ಥೆಯೊಂದು ಕೇಳಿದ ನಮೂನೆಯಲ್ಲಿ ಲೆಕ್ಕ ಕೊಡಬೇಕಾಗಿ ಬಂದಾಗ ನನ್ನ ಹಳೆಯ ವಿದ್ಯಾರ್ಥಿ ಆ ಹಾಳೆಗಳ ಚಿತ್ರ ತೆಗೆದು ನನಗೆ ಕಳುಹಿಸಿ, “ಸರ್, ಇದನ್ನು ಅವರು ಒಪ್ಪುವ ಹಾಗೆ ಹೇಗೆ ಬರೆಯಬೇಕು, ಸ್ವಲ್ಪ ನೋಡಿ ಹೇಳುತ್ತೀರಾ” ಎಂದು ಕೇಳಿದರು. ಅರಬ್ಬಿಯಲ್ಲಿದ್ದ ಸಾಲುಗಳನ್ನು ಅವರು ಒಂದೊಂದಾಗಿ ಓದಿ ಹೇಳಿದರು, ನಾನು ಬರೆದುಕೊಂಡೆ.

ಶಾಲಾ ಮಕ್ಕಳ ನೋಟ್ ಪುಸ್ತಕದ ಗೆರೆ ಹಾಳೆ. ಮೇಲೆ ತಾರೀಖು, ಅಂದು ಊಟ ಒಯ್ದ ಮನೆಗಳ ಸಂಖ್ಯೆ. ಕೆಳಗೆ ಬೇಳೆ, ಈರುಳ್ಳಿ, ಎಣ್ಣೆ, ಉಪ್ಪು, ಜೋಳದ ಹಿಟ್ಟು. ಆ ಹಿಟ್ಟಿನಿಂದ ಅವರು ಅಸೀದಾ ಎಂಬ ಮುದ್ದೆ ಮಾಡುತ್ತಾರೆ. ಅಡುಗೆ ಅನಿಲ ಸಿಗದಿರುವುದರಿಂದ ಸೌದೆಗೆ ಒಂದು ಸಾಲು, ನಲ್ಲಿ ನಿಂತುಹೋಗಿರುವುದರಿಂದ ಕತ್ತೆ ಗಾಡಿಯಲ್ಲಿ ತರಿಸಿದ ನೀರಿನ ಪೀಪಾಯಿಗಳಿಗೆ ಇನ್ನೊಂದು ಸಾಲು. ಆಮೇಲೆ, ಬೇರೆ ಶಾಯಿಯಲ್ಲಿ, ‘ಕಮಿಷನ್’ ಎಂದು ಒಂದು ಸಾಲು. ಅದೇನೆಂದು ಕೇಳಿದೆ. ಹಣ ಬರುವುದು ಬ್ಯಾಂಕ್ ಆಫ್ ಖಾರ್ಟೂಮಿನ ‘ಬಂಕಕ್’ ಎಂಬ ಮೊಬೈಲ್ ಆ್ಯಪ್ ಮೂಲಕ. ಆದರೆ ಸೌದೆಯವನಿಗೂ ನೀರಿನವನಿಗೂ ನಗದೇ ಬೇಕು. ನೋಟಿನ ಕೊರತೆಯ ನಡುವೆ ಆ್ಯಪಿನಲ್ಲಿರುವ ಹಣಕ್ಕೆ ನಗದು ಕೊಡುವ ವ್ಯಾಪಾರಿ ತನ್ನ ಪಾಲು ಹಿಡಿದುಕೊಂಡೇ ಕೊಡುತ್ತಾನೆ. ಅಕ್ಕ ಆ ನಷ್ಟವನ್ನು ಬೇಳೆಯ ಬೆಲೆಯೊಳಗೆ ಸೇರಿಸಿ ಮುಚ್ಚಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆಕೆ ಅದನ್ನು ಬೇರೆಯಾಗಿಯೇ ತೋರಿಸಿದ್ದರು. ಪ್ರತಿ ವಾರದ ಹಾಳೆಯನ್ನು ಅಡುಗೆ ನಡೆಯುವ ಮನೆಯ ಬಾಗಿಲಿಗೆ ಅಂಟಿಸುತ್ತಾರಂತೆ. ಊಟಕ್ಕೆ ಪಾತ್ರೆ ಹಿಡಿದು ಬಂದವರು ಸರದಿಯಲ್ಲಿ ನಿಂತುಕೊಂಡೇ ಅದನ್ನು ಓದುತ್ತಾರೆ. ಬೇಳೆಯ ಅಂಗಡಿ ಅವರಿಗೂ ಗೊತ್ತು, ಅಂದಿನ ಬೆಲೆಯೂ ಗೊತ್ತು. ಇದಕ್ಕಿಂತ ಬಿಗಿಯಾದ ಲೆಕ್ಕ ತಪಾಸಣೆಯನ್ನು ನಾನು ಕಂಡಿಲ್ಲ.

ಇನ್ನು ದಾನಿ ಸಂಸ್ಥೆಯ ನಮೂನೆ. ಪ್ರತಿ ಖರೀದಿಗೂ ಮೂರು ವ್ಯಾಪಾರಿಗಳಿಂದ ದರಪಟ್ಟಿ ತರಬೇಕು ಎಂದಿತ್ತು, ಆ ಬಡಾವಣೆಯಲ್ಲಿ ಬಾಗಿಲು ತೆರೆದಿದ್ದುದು ಒಂದೇ ಅಂಗಡಿ. ಸಂಸ್ಥೆಯ ನೋಂದಣಿ ಸಂಖ್ಯೆ ಕೇಳಿತ್ತು, ನೋಂದಣಿ ಮಾಡಿಕೊಡುವ ಕಚೇರಿ ಇದ್ದ ಬೀದಿಯಲ್ಲೇ ಗುಂಡು ಹಾರುತ್ತಿತ್ತು. ಸಂಸ್ಥೆಯ ಹೆಸರಿನಲ್ಲಿ ಬ್ಯಾಂಕ್ ಖಾತೆ ಇರಬೇಕು ಎಂದಿತ್ತು, ಹಣ ಬರುತ್ತಿದ್ದುದು ಅಕ್ಕನ ಮತ್ತು ಇನ್ನೊಬ್ಬ ಸ್ವಯಂಸೇವಕರ ಸ್ವಂತ ಖಾತೆಗಳಿಗೆ. ಊಟ ಒಯ್ದ ಪ್ರತಿಯೊಬ್ಬರ ಹೆಸರು ಮತ್ತು ಸಹಿ ಬೇಕು ಎಂದಿತ್ತು, ಅಂಥ ಪಟ್ಟಿ ಚೆಕ್‌ಪೋಸ್ಟಿನಲ್ಲಿ ಸೈನಿಕರ ಕೈಗೆ ಸಿಕ್ಕಿದರೆ ಆ ಹೆಸರುಗಳ ಗತಿಯೇನು ಎಂದು ಕೇಳುವವರು ಆ ನಮೂನೆ ಬರೆದ ಕಡೆ ಇರಲಿಲ್ಲ. ಈ ನಿಯಮಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಇಂಥ ನಿಯಮಗಳನ್ನೇ ನಾನು ವರ್ಷಾನುಗಟ್ಟಲೆ ಪಾಠ ಮಾಡಿದ್ದೇನೆ. ಅವು ಶಾಂತಿಯಿರುವ ಊರಿಗೆ, ಅಂಗಡಿಸಾಲು ತೆರೆದಿರುವ ಊರಿಗೆ ಮಾಡಿದವು. ಲೆಕ್ಕದ ಉದ್ದೇಶ ಹಣ ಎಲ್ಲಿ ಹೋಯಿತೆಂದು ತಿಳಿಯುವುದು. ಆ ಉದ್ದೇಶ ನೋಟ್ ಪುಸ್ತಕದ ಹಾಳೆಯಲ್ಲಿ, ರಸೀದಿಯ ಚಿತ್ರದಲ್ಲಿ, ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ಈಡೇರಿದೆ ಎಂದಾದ ಮೇಲೆ ನಮೂನೆ ತುಂಬಿಲ್ಲವೆಂಬ ಕಾರಣಕ್ಕೆ ಹಣ ತಡೆಹಿಡಿಯುವುದು ಅನ್ಯಾಯ. ಕೆಲವು ದಾನಿಗಳು ಇದನ್ನು ಒಪ್ಪಿಕೊಂಡು ರಸೀದಿಯ ಚಿತ್ರಗಳನ್ನೂ ಸರಳ ವರದಿಯನ್ನೂ ಸ್ವೀಕರಿಸತೊಡಗಿದ್ದಾರೆ ಎಂಬುದು ಸಮಾಧಾನದ ಸಂಗತಿ.

ಅಡುಗೆಮನೆಗಳು ಎಷ್ಟು ಸಣ್ಣ ದಾರದ ಮೇಲೆ ನಿಂತಿವೆ ಎಂಬುದಕ್ಕೆ ಎರಡು ಪ್ರಸಂಗಗಳನ್ನು ಹೇಳಬೇಕು. 2024ರ ಫೆಬ್ರುವರಿಯಲ್ಲಿ ದೇಶದ ಬಹುಭಾಗದಲ್ಲಿ ಮೊಬೈಲ್ ಮತ್ತು ಇಂಟರ್‌ನೆಟ್ ಸಂಪರ್ಕ ಕಡಿದುಹೋಯಿತು. ಸಂಪರ್ಕವಿಲ್ಲದಿದ್ದರೆ ಬಂಕಕ್ ಇಲ್ಲ, ಬಂಕಕ್ ಇಲ್ಲದಿದ್ದರೆ ಬೇಳೆಯಿಲ್ಲ. ಲಂಡನ್, ದುಬೈ, ರಿಯಾದ್‌ಗಳಲ್ಲಿ ದುಡಿಯುವ ಸುಡಾನಿಗಳು ಕಳುಹಿಸಿದ ಹಣ ಆ್ಯಪಿನೊಳಗೇ ಉಳಿಯಿತು, ಖಾರ್ಟೂಮಿನ ನೂರಾರು ಒಲೆಗಳು ಆರಿದವು. ಎರಡನೆಯದು 2025ರ ಜನವರಿ. ಅಮೆರಿಕದ ಹೊಸ ಆಡಳಿತ ವಿದೇಶಿ ನೆರವನ್ನೆಲ್ಲ ಏಕಾಏಕಿ ನಿಲ್ಲಿಸಿದಾಗ, ಆ ಹಣದಿಂದ ನಡೆಯುತ್ತಿದ್ದ ಸಾವಿರಕ್ಕೂ ಹೆಚ್ಚು ಅಡುಗೆಮನೆಗಳು ಕೆಲವೇ ದಿನಗಳಲ್ಲಿ ಬಾಗಿಲು ಹಾಕಿದವು. ಸ್ವಯಂಸೇವಕರು ಅಂಗಡಿಗಳಲ್ಲಿ ಸಾಲ ಹೇಳಿ ಕೆಲವು ದಿನ ದೂಡಿದರು, ಆಮೇಲೆ ಅಂಗಡಿಯವರ ಕೈಯೂ ಖಾಲಿಯಾಯಿತು. ಸಹಾಯ ನಿಲ್ಲಿಸುವ ಹಕ್ಕು ಕೊಡುವವರಿಗೆ ಇದೆ ಎಂದೇ ಇಟ್ಟುಕೊಳ್ಳೋಣ. ಒಂದು ತಿಂಗಳ ಮುನ್ಸೂಚನೆ ಕೊಟ್ಟಿದ್ದರೂ ಎಷ್ಟೋ ಮಕ್ಕಳು ಖಾಲಿ ಪಾತ್ರೆ ಹಿಡಿದು ಮರಳಬೇಕಾಗುತ್ತಿರಲಿಲ್ಲ.

ನಮ್ಮ ಹಕ್ಕಿಪಿಕ್ಕಿಗಳು ಸಿಕ್ಕಿಕೊಂಡಿದ್ದ ಎಲ್ ಫಾಶರ್ ನಗರಕ್ಕೆ ಬಂದ ಗತಿಯನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯಬೇಕು. 2024ರ ಮೇ ತಿಂಗಳಿನಿಂದ ಆರ್‌ಎಸ್‌ಎಫ್ ಆ ನಗರಕ್ಕೆ ಮುತ್ತಿಗೆ ಹಾಕಿತು. ಊರಿನ ಪಕ್ಕದ ಝಮ್‌ಝಮ್ ನಿರಾಶ್ರಿತರ ಶಿಬಿರದಲ್ಲಿ ಆ ವರ್ಷದ ಆಗಸ್ಟ್ ಮೊದಲ ವಾರದಲ್ಲಿ ಕ್ಷಾಮ ಘೋಷಣೆಯಾಯಿತು. 2025ರ ಏಪ್ರಿಲ್‌ನಲ್ಲಿ ಆ ಶಿಬಿರವನ್ನೇ ದಾಳಿ ಮಾಡಿ ಹಿಡಿದುಕೊಂಡರು, ಅಲ್ಲಿ ಚಿಕಿತ್ಸಾಲಯ ನಡೆಸುತ್ತಿದ್ದ ರಿಲೀಫ್ ಇಂಟರ್‌ನ್ಯಾಷನಲ್ ಸಂಸ್ಥೆಯ ಒಂಬತ್ತು ಸಿಬ್ಬಂದಿ ಹತ್ಯೆಯಾದರು. ನಗರದ ಸುತ್ತ ಮಣ್ಣಿನ ದಿಬ್ಬ ಎಬ್ಬಿಸಿ ಒಳಬರುವ, ಹೊರಹೋಗುವ ದಾರಿಗಳನ್ನು ಮುಚ್ಚಿದರು. ವಿಶ್ವಸಂಸ್ಥೆಯ ಆಹಾರದ ಲಾರಿಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ನಗರವನ್ನು ಮುಟ್ಟಲಿಲ್ಲ. 2025ರ ಜೂನ್‌ನಲ್ಲಿ ಆ ಕಡೆ ಹೊರಟಿದ್ದ ಸಾಲೊಂದರ ಮೇಲೆ ಅಲ್ ಕೋಮಾ ಎಂಬಲ್ಲಿ ದಾಳಿ ನಡೆದು ಐವರು ಸತ್ತರು. ಆ ದಿನಗಳಲ್ಲೂ ಎಲ್ ಫಾಶರ್‌ನ ಒಳಗೆ ತಕಿಯ್ಯಾಗಳು ಉರಿಯುತ್ತಿದ್ದವು. ಜೋಳ, ರಾಗಿಯಂಥ ಧಾನ್ಯ ಮುಗಿದ ಮೇಲೆ ಅಂಬಾಝ್ ಬೇಯಿಸಿದರು. ಅಂಬಾಝ್ ಎಂದರೆ ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಉಳಿಯುವ ಶೇಂಗಾ ಹಿಂಡಿ, ನಾವು ಎಮ್ಮೆಗೆ, ಎತ್ತಿಗೆ ಹಾಕುವ ಹಿಂಡಿ. ಸ್ವಯಂಸೇವಕರು ಅದನ್ನು ನೀರಿನಲ್ಲಿ ನೆನೆಸಿ, ಕುದಿಸಿ, ಸಾಲಿನಲ್ಲಿ ನಿಂತ ಮಕ್ಕಳ ಬಟ್ಟಲಿಗೆ ಸೌಟಿನಿಂದ ಹಾಕುವ ದೃಶ್ಯಗಳನ್ನು ಆಗ ಸುದ್ದಿ ಸಂಸ್ಥೆಗಳು ತೋರಿಸಿದವು. ಹಿಂಡಿಯೂ ಕಡೆಗೆ ಮುಗಿಯುತ್ತ ಬಂತು. 2025ರ ಅಕ್ಟೋಬರ್ 26ರಂದು ನಗರ ಬಿತ್ತು. ಆ ನಂತರದ ದಿನಗಳ ಹತ್ಯಾಕಾಂಡದಲ್ಲಿ ಸೌದಿ ಹೆರಿಗೆ ಆಸ್ಪತ್ರೆಯೊಂದರಲ್ಲೇ 460ಕ್ಕೂ ಹೆಚ್ಚು ರೋಗಿಗಳು ಮತ್ತು ಅವರ ಜೊತೆಗಿದ್ದವರು ಕೊಲೆಯಾದರೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿತು. ತಪ್ಪಿಸಿಕೊಂಡವರಲ್ಲಿ ಬಹಳಷ್ಟು ಜನ ಪಶ್ಚಿಮದ ತವೀಲಾ ಪಟ್ಟಣದ ಕಡೆಗೆ ನಡೆದರು. ಅಲ್ಲಿ ಅವರಿಗೆ ನೀರು ಕೊಟ್ಟು, ಊಟ ಬಡಿಸಿದವರಲ್ಲಿ ಅದಕ್ಕೂ ಮೊದಲೇ ಓಡಿ ಬಂದು ಅಲ್ಲಿ ನೆಲೆಸಿದ್ದ ನಿರಾಶ್ರಿತರೂ ಇದ್ದರು.

ಈ ಗುಂಪುಗಳ ವಿರುದ್ಧ ಮೂರು ಆಕ್ಷೇಪಗಳನ್ನು ಕೇಳಿದ್ದೇನೆ. ಇವರು ರಾಜಕೀಯ ಆಂದೋಲನದಿಂದ ಬಂದವರು, ಹಾಗಾಗಿ ತಟಸ್ಥರಲ್ಲ ಎಂಬುದು ಮೊದಲನೆಯದು. ಅವರು ಪ್ರಜಾಪ್ರಭುತ್ವ ಬೇಕೆಂದು ಬೀದಿಗಿಳಿದವರೆಂಬುದು ನಿಜ. ಆದರೆ ಅವರ ತಕಿಯ್ಯಾದ ಸಾಲಿನಲ್ಲಿ ಯಾರನ್ನೂ ಜಾತಿ, ಬುಡಕಟ್ಟು, ಪಕ್ಷ ಕೇಳುವುದಿಲ್ಲ. ಸೇನೆಯವರು ಆರ್‌ಎಸ್‌ಎಫ್ ಪರ ಎಂದೂ, ಆರ್‌ಎಸ್‌ಎಫ್‌ನವರು ಸೇನೆಯ ಬೇಹುಗಾರರೆಂದೂ ಇವರನ್ನೇ ಹಿಡಿದು ಸೆರೆಯಲ್ಲಿಟ್ಟಿದ್ದಾರೆ, ಹೊಡೆದಿದ್ದಾರೆ, ಕೊಂದಿದ್ದಾರೆ. ಎರಡೂ ಕಡೆಯವರ ಸಂಶಯಕ್ಕೆ ಗುರಿಯಾದವರಿಗೆ ತಟಸ್ಥತೆಯ ಬೇರೆ ಪ್ರಮಾಣಪತ್ರ ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ಹಣ ಶಸ್ತ್ರಧಾರಿಗಳ ಪಾಲಾಗುತ್ತದೆ ಎಂಬುದು ಎರಡನೆಯದು. ಈ ಅಪಾಯ ಇಲ್ಲವೆನ್ನಲಾರೆ. ಆದರೆ ಲಾರಿಗಟ್ಟಲೆ ಧಾನ್ಯ ಹೆದ್ದಾರಿಯಲ್ಲಿ ಬರುವಾಗ ಪ್ರತಿ ಚೆಕ್‌ಪೋಸ್ಟಿನಲ್ಲೂ ಸುಂಕ ಕೀಳಲು, ಲೂಟಿ ಮಾಡಲು ಅವಕಾಶವಿರುತ್ತದೆ. ಸಣ್ಣ ಮೊತ್ತ ಮೊಬೈಲಿಗೆ ಬಂದು ಪಕ್ಕದ ಅಂಗಡಿಯಲ್ಲೇ ಬೇಳೆಯಾಗಿ ಅಂದೇ ಬೆಂದುಹೋದರೆ ಲೂಟಿಗೆ ಉಳಿಯುವುದು ಕಡಿಮೆ.

ಮೂರನೆಯ ಆಕ್ಷೇಪದಲ್ಲಿ ಮಾತ್ರ ಹುರುಳಿದೆ. ಅಡುಗೆಮನೆಗಳು ಕಾಲರಾ ತಡೆಯಲಾರವು, ಶಸ್ತ್ರಚಿಕಿತ್ಸೆ ಮಾಡಲಾರವು, ಒಡೆದ ನೀರು ಸರಬರಾಜು ಕೇಂದ್ರವನ್ನು ದುರಸ್ತಿ ಮಾಡಲಾರವು, ಮುಂದಿನ ಬಿತ್ತನೆಗೆ ಬೀಜ ಒದಗಿಸಲಾರವು. ನೆರೆಯ ಚಾಡ್ ದೇಶದ ಗಡಿಯಲ್ಲಿ ನೆರವಿನ ಲಾರಿಗಳು ಬರುವ ಅದ್ರೆ ದಾರಿಯನ್ನು 2024ರ ಫೆಬ್ರುವರಿಯಲ್ಲಿ ಸೇನಾ ಸರ್ಕಾರ ಮುಚ್ಚಿದಾಗ, ಅದನ್ನು ಆಗಸ್ಟ್‌ನಲ್ಲಿ ಮತ್ತೆ ತೆರೆಸಿದ್ದು ಅಂತರರಾಷ್ಟ್ರೀಯ ಒತ್ತಡವೇ ಹೊರತು ಯಾವ ಬೀದಿಯ ಸ್ವಯಂಸೇವಕರಿಗೂ ಅದು ಸಾಧ್ಯವಿರಲಿಲ್ಲ. ಆದ್ದರಿಂದ ವಿಶ್ವಸಂಸ್ಥೆ, ರೆಡ್ ಕ್ರಾಸ್, ವೈದ್ಯರ ಸಂಸ್ಥೆಗಳು ಬೇಡವೆಂದು ನಾನು ಹೇಳುತ್ತಿಲ್ಲ. ಬಡವರೇ ಬಡವರನ್ನು ನೋಡಿಕೊಳ್ಳುತ್ತಾರೆ ಎಂದು ಹೊಗಳಿ ಸರ್ಕಾರಗಳು ಕೈತೊಳೆದುಕೊಳ್ಳುವ ಅಪಾಯವೂ ನನಗೆ ಕಾಣುತ್ತಿದೆ. ಸ್ವಯಂಸೇವಕರು ದಣಿದಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಸಂಬಳವಿಲ್ಲ, ವಿಮೆಯಿಲ್ಲ, ಗಾಯಗೊಂಡರೆ ವಿಮಾನ ಬಂದು ಎತ್ತಿಕೊಂಡು ಹೋಗುವುದಿಲ್ಲ. ಅವರ ಊಟ, ಔಷಧಿ, ಓಡಾಟದ ಖರ್ಚನ್ನು ದಾನದ ಹಣದಿಂದ ಕೊಡಲು ಕೂಡ ಎಷ್ಟೋ ದಾನಿಗಳ ನಿಯಮದಲ್ಲಿ ಅವಕಾಶವಿಲ್ಲ ಎಂಬುದು ನನ್ನ ಹಳೆಯ ವಿದ್ಯಾರ್ಥಿಯ ಬಹುದೊಡ್ಡ ನೋವು. “ಇಡೀ ಬೀದಿಗೆ ಬಡಿಸುವ ನನ್ನ ಅಕ್ಕ ತನ್ನ ಊಟವನ್ನು ಲೆಕ್ಕದಲ್ಲಿ ಬರೆಯುವ ಹಾಗಿಲ್ಲ, ಸರ್” ಎಂದಿದ್ದರು.

2016ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ವಿಶ್ವ ಮಾನವೀಯ ಶೃಂಗಸಭೆಯಲ್ಲಿ ದೊಡ್ಡ ದಾನಿ ದೇಶಗಳೂ ನೆರವು ಸಂಸ್ಥೆಗಳೂ ಒಂದು ಒಪ್ಪಂದಕ್ಕೆ ಬಂದಿದ್ದವು. 2020ರ ಹೊತ್ತಿಗೆ ನೆರವಿನ ಹಣದಲ್ಲಿ ಕನಿಷ್ಠ ಶೇ 25ರಷ್ಟನ್ನು ಸಾಧ್ಯವಾದಷ್ಟು ನೇರವಾಗಿ ಸ್ಥಳೀಯರಿಗೆ ತಲುಪಿಸುತ್ತೇವೆ ಎಂಬುದು ಅದರಲ್ಲಿದ್ದ ಒಂದು ಮಾತು. ಆ ಗಡುವು ಮುಗಿದು ವರ್ಷಗಳಾದವು, ಮಾತು ಈಡೇರಲಿಲ್ಲ. ಸುಡಾನಿನ ಈ ಗುಂಪುಗಳಿಗೆ 2025ರಲ್ಲಿ ನಾರ್ವೆಯ ರಾಫ್ಟೊ ಪ್ರಶಸ್ತಿ ಬಂತು, ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು, ನೊಬೆಲ್ ಶಾಂತಿ ಪ್ರಶಸ್ತಿಗೆ ಹೆಸರು ಸೂಚಿತವಾಯಿತು. ಅವರಿಗೆ ಸಲ್ಲಬೇಕಾದ ಗೌರವ ಅದು, ಸಂದಿದ್ದಕ್ಕೆ ಸಂತೋಷವಿದೆ. ಅದೇ ವರ್ಷ ಅವರ ಅಡುಗೆಮನೆಗಳು ಹಣವಿಲ್ಲದೆ ಮುಚ್ಚುತ್ತಿದ್ದವು ಎಂಬುದನ್ನೂ ಜೊತೆಯಲ್ಲೇ ನೆನಪಿಡಬೇಕು.

ಭಾರತಕ್ಕೂ ಸುಡಾನಿಗೂ ಇರುವ ನಂಟು ಇಂದಿನದಲ್ಲ. ಸುಡಾನ್ ಸ್ವತಂತ್ರವಾಗುವುದಕ್ಕೆ ಮುನ್ನ 1953ರಲ್ಲಿ ಆ ದೇಶದ ಮೊದಲ ಸಾರ್ವತ್ರಿಕ ಚುನಾವಣೆಯನ್ನು ನಡೆಸಿಕೊಡಲು ಹೋದವರು ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್. ಅಂಥ ನಂಟಿರುವ ನಮ್ಮ ಸರ್ಕಾರ ಸುಡಾನಿಗೆ ನೆರವು ಕಳುಹಿಸುವಾಗ ಔಷಧಿಯ ಪೆಟ್ಟಿಗೆಗಳನ್ನು ಪೋರ್ಟ್ ಸುಡಾನ್‌ನಲ್ಲಿ ಅಧಿಕಾರಿಗಳ ಕೈಗೆ ಒಪ್ಪಿಸಿ ನಿಲ್ಲದೆ, ಒಂದು ಭಾಗವನ್ನು ಬಡಾವಣೆಯ ಗುಂಪುಗಳಿಗೆ ತಲುಪುವ ದಾರಿಯಲ್ಲೂ ಕಳುಹಿಸಬೇಕೆಂದು ನಮ್ಮ ಸಂಸದರು ಕೇಳಬೇಕು. ಕರ್ನಾಟಕದ ಸಂಸದರಿಗೆ ಈ ಪ್ರಶ್ನೆ ಕೇಳುವ ಹೆಚ್ಚಿನ ಅಧಿಕಾರವಿದೆ, ಏಕೆಂದರೆ ಎಲ್ ಫಾಶರ್ ಎಂಬ ಹೆಸರನ್ನು ನಮ್ಮ ಜನ ಕೇಳಿದ್ದು ನಮ್ಮವರದೇ ಬಾಯಿಂದ.

ವೈಯಕ್ತಿಕವಾಗಿ ಹಣ ಕಳುಹಿಸಬಯಸುವವರು ಒಂದಿಷ್ಟು ವಿಷಯ ತಿಳಿದಿರಬೇಕು. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ಭಾರತದ ನಿವಾಸಿ ವ್ಯಕ್ತಿಗಳು ವರ್ಷಕ್ಕೆ ನಿಗದಿತ ಮಿತಿಯೊಳಗೆ ವಿದೇಶಕ್ಕೆ ದೇಣಿಗೆ ಕಳುಹಿಸಬಹುದು, ಪ್ಯಾನ್ ಸಂಖ್ಯೆ ಬೇಕು, ಬ್ಯಾಂಕಿನವರು ಉದ್ದೇಶ ಕೇಳುತ್ತಾರೆ. ವಿದೇಶಿ ಸಂಸ್ಥೆಗೆ ಕೊಟ್ಟ ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಸುಡಾನಿನ ಖಾತೆಗೆ ನೇರವಾಗಿ ಕಳುಹಿಸುವುದು ಕಷ್ಟ. ಈ ಗುಂಪುಗಳಿಗಾಗಿಯೇ ಹಣ ಕೂಡಿಸುವ ಮ್ಯೂಚುಯಲ್ ಏಡ್ ಸುಡಾನ್ ಕೊಯಲಿಷನ್‌ನಂಥ ಒಕ್ಕೂಟಗಳು ಹೊರದೇಶಗಳಲ್ಲಿವೆ. ಕೊಲ್ಲಿ ದೇಶಗಳಲ್ಲಿರುವ ಕನ್ನಡಿಗರಿಗೆ, ಕನ್ನಡ ಸಂಘಗಳಿಗೆ ಇದು ನಮಗಿಂತ ಸುಲಭ, ಅವರ ಪಕ್ಕದ ಮೇಜಿನಲ್ಲಿ ಕೆಲಸ ಮಾಡುವ ಸುಡಾನಿ ಸಹೋದ್ಯೋಗಿಗೆ ತಮ್ಮ ಊರಿನ ತಕಿಯ್ಯಾ ಯಾರು ನಡೆಸುತ್ತಿದ್ದಾರೆಂಬುದು ಖಚಿತವಾಗಿ ಗೊತ್ತಿರುತ್ತದೆ. ಮೊದಲು ಅವರನ್ನು ಕೇಳಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹಣ ಕಳುಹಿಸಲಾಗದವರಿಗೂ ಮಾಡಲು ಕೆಲಸವಿದೆ. ಬೆಂಗಳೂರು, ಮೈಸೂರುಗಳಲ್ಲಿ ಓದುತ್ತಿರುವ ಸುಡಾನಿ ವಿದ್ಯಾರ್ಥಿಗಳಲ್ಲಿ ಎಷ್ಟೋ ಜನರಿಗೆ ಮನೆಯಿಂದ ಹಣ ಬರುವುದು ನಿಂತಿದೆ. ಶುಲ್ಕ ಕಟ್ಟದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ, ಪರೀಕ್ಷೆ ಬರೆಯದಿದ್ದರೆ ವ್ಯಾಸಂಗ ಮುಂದುವರಿದಿದೆ ಎಂಬ ಪತ್ರ ಸಿಗುವುದಿಲ್ಲ, ಆ ಪತ್ರವಿಲ್ಲದೆ ವೀಸಾ ನವೀಕರಣವಿಲ್ಲ. ವೀಸಾ ಮುಗಿದರೆ ಮರಳಲು ಅವರಿಗೆ ಮನೆಯಿಲ್ಲ. ಯುದ್ಧ ಮುಗಿಯುವವರೆಗೆ ಇವರಿಗೆ ಶುಲ್ಕವನ್ನು ಕಂತುಗಳಲ್ಲಿ ಕಟ್ಟಲು ಬಿಡುವುದು, ವಿಳಂಬದ ದಂಡ ಮನ್ನಾ ಮಾಡುವುದು, ವಿದ್ಯಾರ್ಥಿನಿಲಯದಲ್ಲಿ ರಜೆಯಲ್ಲೂ ಊಟ ಕೊಡುವುದು ವಿಶ್ವವಿದ್ಯಾಲಯಗಳಿಗೆ ಹೊರೆಯಾಗದ ಕ್ರಮಗಳು. ಸಿಂಡಿಕೇಟ್ ಸಭೆಯ ಒಂದು ನಿರ್ಣಯ ಸಾಕು. ಮನೆ ಬಾಡಿಗೆಗೆ ಕೊಟ್ಟಿರುವವರು ಒಂದೆರಡು ತಿಂಗಳ ಬಾಡಿಗೆಗೆ ತಾಳಿಕೊಂಡರೆ ಅದೂ ಯುದ್ಧಪೀಡಿತರಿಗೆ ಕೊಟ್ಟ ನೆರವೇ.

ತಮ್ಮ ಪತ್ರಿಕೆಗೆ ನನ್ನ ಎರಡು ವಿನಂತಿಗಳಿವೆ. ಸುಡಾನಿನ ಸುದ್ದಿಯನ್ನು ನಮ್ಮವರು ಅಲ್ಲಿ ಸಿಕ್ಕಿಕೊಂಡಾಗ ಮಾತ್ರವಲ್ಲದೆ ನಿಯಮಿತವಾಗಿ ಪ್ರಕಟಿಸಬೇಕು. ಸತ್ತವರ ಸಂಖ್ಯೆಯ ಜೊತೆಗೆ ಬದುಕಿರುವವರಿಗೆ ಯಾರು ಬಡಿಸುತ್ತಿದ್ದಾರೆ, ಯಾವ ಊರಿನ ಒಲೆ ಆರಿದೆ ಎಂಬುದೂ ವರದಿಯಾಗಬೇಕು. ಎರಡನೆಯದಾಗಿ, ಇಲ್ಲಿರುವ ಸುಡಾನಿ ವಿದ್ಯಾರ್ಥಿಗಳನ್ನು ತಮ್ಮ ವರದಿಗಾರರು ಭೇಟಿಯಾಗಿ ಅವರ ಶುಲ್ಕ ಮತ್ತು ವೀಸಾ ತೊಂದರೆಗಳನ್ನು ಬರೆಯಬೇಕು. ಹೆಸರು ಹೊರಗೆ ಬಾರದಂತೆ ಮಾತನಾಡಲು ಕೆಲವರು ಒಪ್ಪಿದ್ದಾರೆ. ಪತ್ರಿಕಾ ಕಚೇರಿಯಿಂದ ಯಾರಾದರೂ ಬರುವುದಾದರೆ ಅವರನ್ನು ಕರೆದುಕೊಂಡು ಹೋಗಿ ಪರಿಚಯಿಸಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ವಾಣಿಜ್ಯ ಅಧ್ಯಾಪಕ, ಮೈಸೂರು